ದೊಡ್ಡದು ಮಾಡಿದ ಅಂಗಡಿಗಳು

ನಮ್ಮವರು ತೀರಿಕೊಂಡ ಮೇಲೆ ಅವರನ್ನು ಮಲಗಿಸಿದ್ದ ಜಾಗದಲ್ಲಿ ಒಂದು ಪಣತಿ ಹಚ್ಚಿಟ್ಟಿದ್ದೆವು. ಮಸ್ಕಿಯಿಂದ ಬಂದ ನನ್ನ ತಂಗಿ ಅದಕ್ಕೆಂದು ಗಾಣದ ಕುಸುಬಿ ಎಣ್ಣೆ ತಂದಿದ್ದಳು. ಈಗ ನಮ್ಮ ಮನೆಯಲ್ಲೂ ಪಾಕೀಟಿನ ಎಣ್ಣೆಯೇ. ಕುಸುಬಿ ಎಣ್ಣೆ ಕಾದ ವಾಸನೆ ಮೂಗಿಗೆ ಬಂದು ಎಷ್ಟು ವರ್ಷಗಳಾಗಿದ್ದವೋ… ಬಂದವರು ಹೋದವರು ಮಾತಾಡುತ್ತಿದ್ದರು, ನಾನು ಆ ವಾಸನೆಯ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದೆ.

ಕಾರ್ಯಗಳೆಲ್ಲ ಮುಗಿದ ದಿನ ಮಗ ಬಂದು ಕೇಳಿದ: "ಯವ್ವಾ, ಇನ್ನ ದೀಪ ಆರಿಸ್ಲೇನು?"

"ಆರಿಸ್ಲೇನು ಅನಬ್ಯಾಡ. ದೊಡ್ಡದು ಮಾಡ್ಲೇನು ಅನ್ನು."

ಅಷ್ಟು ಗಟ್ಟಿಯಾಗಿ ನಾನು ಮಾತಾಡುವವಳಲ್ಲ. ಬಾಯಿ ನನ್ನದಾಗಿತ್ತು, ದನಿ ಮಾತ್ರ ನಮ್ಮ ಎಣ್ಣೆ ಅಂಗಡಿ ಕಾಕಾನದು.

ಎಂಬತ್ತರ ದಶಕದಲ್ಲಿ ನಾನು ಮಸ್ಕಿಯಿಂದ ಲಿಂಗಸುಗೂರಿನ ಹಳೇ ಬಜಾರಕ್ಕೆ ಸೊಸೆಯಾಗಿ ಬಂದೆ. ನಮ್ಮವರು ದರ್ಜಿ. ಮುಂದೆ ಅಂಗಡಿ, ಹಿಂದೆ ಮನೆ. ಬಜಾರದ ಅಂಗಡಿಗಳೆಲ್ಲ ಹಾಗೆಯೇ ಇದ್ದವು: ಎದುರಿಗೆ ಕಲ್ಲಿನ ಕಟ್ಟೆ, ಬಾಗಿಲಿಗೆ ಒಂದರ ಪಕ್ಕ ಒಂದು ಜೋಡಿಸುವ ಮರದ ಹಲಗೆಗಳು. ನಮ್ಮ ಗೋಡೆಗೆ ಹೊಂದಿಕೊಂಡೇ ಕಾಕಾನ ಎಣ್ಣೆ ಅಂಗಡಿ. ಅವರ ಧೋತರ, ಕೈ, ಕೂತ ಗಾದಿ, ಕೊಡುವ ಚಿಲ್ಲರೆ, ಎಲ್ಲವೂ ಕುಸುಬಿ ಎಣ್ಣೆಯ ವಾಸನೆ. ಅಂಗಡಿಯ ಹೊಸ್ತಿಲ ಕಲ್ಲು ಎಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು.

ಬಂದ ಹೊಸದರಲ್ಲಿ ಒಂದು ದಿನ ಅವರು ಹಲಗೆ ಜೋಡಿಸುತ್ತಿರುವುದನ್ನು ನೋಡಿ ಕೇಳಿದ್ದೆ: "ಅಂಗಡಿ ಮುಚ್ಚಿದ್ರೇನ್ರೀ ಕಾಕಾ?"

ಹಲಗೆ ಕೈಯಲ್ಲೇ ಹಿಡಿದು ತಿರುಗಿ ನೋಡಿದರು. "ಮುಚ್ಚೋದು ಹೆಣದ ಮಾರಿ ಯವ್ವಾ. ಅಂಗಡಿ ದೊಡ್ಡದು ಮಾಡ್ತಾರ. ನಿಮ್ಮ ಮಸ್ಕ್ಯಾಗ ದೀಪಕ್ಕ ಏನಂತೀರಿ?"

ದೀಪಕ್ಕೆ ನಾವೂ ಹಾಗೇ ಅನ್ನುತ್ತಿದ್ದೆವು. ಬೆಳಗುವ ವಸ್ತುವಿಗೆ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಆದರೆ ಅಂಗಡಿಗೂ ಅದೇ ಮಾತು ಎಂದು ನನಗೆ ಗೊತ್ತಿರಲಿಲ್ಲ. ಆ ಬಜಾರದಲ್ಲಿ ಎಲ್ಲರೂ ಹಾಗೇ ಆಡುತ್ತಿದ್ದರು. ಹೆಚ್ಚಿನವರಿಗೆ ಅದು ಬಾಯಿರೂಢಿ. ಕಾಕಾನಿಗೆ ಮಾತ್ರ ಅದು ಬರೀ ರೂಢಿಯಾಗಿರಲಿಲ್ಲ.

ಮೊದಲು ಬಸ್ಸುಗಳೆಲ್ಲ ಬಜಾರದ ಬಾಯಿಗೇ ಬಂದು ನಿಲ್ಲುತ್ತಿದ್ದವು. ಸಂತೆಯ ದಿನ ಚಿನ್ನದ ಗಣಿಯ ಕಡೆಯಿಂದ ಜನ ಬಂದು ಇಳಿದರೆಂದರೆ ನಮ್ಮವರಿಗೆ ಉಣ್ಣಲು ಪುರುಸೊತ್ತಿರುತ್ತಿರಲಿಲ್ಲ. ಆಮೇಲೆ ಊರ ಹೊರಗೆ ಹೊಸ ಬಸ್ ಸ್ಟ್ಯಾಂಡ್ ಆಯಿತು. ಗಣಿಯ ಜನ ಅಲ್ಲೇ ಇಳಿದು, ಅಲ್ಲೇ ಕೊಂಡು, ಅಲ್ಲಿಂದಲೇ ಹತ್ತಿ ಹೋಗತೊಡಗಿದರು. ಅತ್ತ ಕಾಲುವೆ ನೀರು ಬಂದು ಸಿಂಧನೂರು ಭತ್ತದಿಂದ ತುಂಬಿತ್ತು. ನಮ್ಮ ಕಿರಾಣಿ ಅಂಗಡಿಯವರು ಅಲ್ಲಿಗೆ ಹೋದರು. ಮಾತ್ರೆ ಅಂಗಡಿ ಹೋಯಿತು. ಕೊನೆಗೆ ಬಜಾರಕ್ಕೆ ದೊಡ್ಡವರಾದ ಬಟ್ಟೆ ಅಂಗಡಿ ಸಾವ್ಕಾರರೂ ಸ್ಟ್ಯಾಂಡಿನ ಎದುರು ಗಾಜಿನ ಬಾಗಿಲಿನ ಅಂಗಡಿ ಹಾಕಿದರು. ಹೋಗುವವರೆಲ್ಲ ಕಾಕಾನ ಕೈಗೆ ಕೀಲಿ ಕೊಟ್ಟು, "ದೊಡ್ಡದು ಮಾಡೀವಿ ಕಾಕಾ, ನಿಗಾ ಇರ್ಲಿ" ಎಂದು ಹೋದರು. ಅವರ ಕಟ್ಟೆಗಳ ಮೇಲೆ ಆಡುಗಳು ಮಲಗತೊಡಗಿದವು.

ವಾರದ ಸಂತೆಯನ್ನೂ ಸ್ಟ್ಯಾಂಡಿನ ಹತ್ತಿರ ಒಯ್ಯುತ್ತಾರೆ ಎಂಬ ಮಾತು ಹುಟ್ಟಿದಾಗ ನಮ್ಮವರು ಸೋತರು. ಸಂತೆಯೂ ಹೋದರೆ ಇಲ್ಲಿ ಯಾರ ಅಂಗಿ ಹೊಲಿಯುವುದು? ಅಲ್ಲೊಂದು ಖೋಲಿ ನೋಡಿ ಮಾತು ಕೊಟ್ಟು ಬಂದರು. ಹಬ್ಬದ ಹೊಲಿಗೆ ಮುಗಿದ ಮೇಲೆ ಮಷಿನ್ ಸಾಗಿಸುವುದೆಂದಾಯಿತು. ಕಾಕಾನಿಗೆ ಹೇಳುವ ಧೈರ್ಯ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ನಾವೂ ಎದ್ದರೆ ಆ ಸಾಲಿನಲ್ಲಿ ಉಳಿಯುವುದು ಅವರೊಬ್ಬರೇ. ಗೋಡೆಯಾಚೆ ಅವರು ಕೆಮ್ಮಿದರೂ ನಮಗೆ ಕೇಳುತ್ತಿತ್ತು. ನಮ್ಮ ಪಿಸುಮಾತು ಅವರಿಗೆ ಕೇಳಿರಲಿಕ್ಕಿಲ್ಲವೇ…

ಆ ದಿನಗಳಲ್ಲೇ ಕಾಕಾ ಅದನ್ನು ಶುರು ಮಾಡಿದ್ದು. ದೀಪ ಹಚ್ಚುವ ಹೊತ್ತಿಗೆ ಕೀಲಿಗೊಂಚಲು ಹಿಡಿದು ಹೊರಡುವರು. ಹೋದವರ ಅಂಗಡಿಗಳ ಬೀಗ ತೆಗೆದು, ಒಂದೊಂದು ಹಲಗೆ ಸರಿಸಿ, ಕಸ ಹೊಡೆದು, ಹೊಸ್ತಿಲಿಗೆ ಒಂದೊಂದು ಪಣತಿ ಇಡುವರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದು ಎಲ್ಲವನ್ನೂ ದೊಡ್ಡದು ಮಾಡುವರು. ಜನ ನಕ್ಕರು. ಅವರ ಹೆಂಡತಿ ಕಾಕಿಯೇ ಕಟ್ಟೆಯ ಮೇಲಿಂದ ಕೂಗುತ್ತಿದ್ದರು: "ಮನಿ ಒಗ್ಗರಣಿಗೆ ಎಣ್ಣಿ ಅಳದು ಕೊಡ್ತಾನ, ಆಡು ಮಲಗೋ ಅಂಗಡಿಗೆ ಸುರೀತಾನ ನೋಡ್ರಿ."

"ಆಡೂ ಗಿರಾಕೀನ ಬೇ. ಬೆಳಕಿದ್ದಲ್ಲಿ ಬರ್ತಾವ," ಎನ್ನುತ್ತಿದ್ದರು ಕಾಕಾ.

ಆಮೇಲೆ ಸಂತೆಗೆ ಬಂದು ಬಿಸಿಲಲ್ಲಿ ನೆಲದ ಮೇಲೆ ಕೂಡುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಕರೆತಂದು ಆ ಕಟ್ಟೆಗಳ ಮೇಲೆ ಕೂರಿಸಿದರು. ಹಗ್ಗ ಹೊಸೆಯುವವರು, ಕಂಬಳಿಯವರು, ಬುಟ್ಟಿ ಹೆಣೆಯುವವರು. ಸಾವ್ಕಾರರ ಕಟ್ಟೆ ಕುಂಬಾರ ಅಕ್ಕನಿಗೆ ಸಿಕ್ಕಿತು. ಸಂತೆ ಮುಗಿದರೂ ಗಡಿಗೆ ಹೊತ್ತು ಹೋಗುವುದು ತಪ್ಪಿತೆಂದು ಅವಳು ವಾರವೆಲ್ಲ ಅಲ್ಲೇ ಕೂಡತೊಡಗಿದಳು. ಉಳಿದವರೂ ಹಾಗೇ ಮಾಡಿದರು. ಹಗ್ಗ ಕೊಳ್ಳಲು ಬಂದವನು ಎಣ್ಣೆಯನ್ನೂ ಕೊಂಡ. ಕಂಬಳಿಗೆ ಬಂದವಳು ಕುಬುಸದ ಬಟ್ಟೆ ನಮ್ಮವರ ಮುಂದಿಟ್ಟಳು.

ಸುದ್ದಿ ಸಾವ್ಕಾರರಿಗೆ ಮುಟ್ಟಿತು. ಒಂದು ಸಂಜೆ ಸ್ಕೂಟರ್ ಮೇಲೆ ಬಂದಿಳಿದರು.

"ಯಾರ್ ಕುಂದ್ರಿಸಿದವ್ರು ಇಲ್ಲೆ? ನನ್ನ ಅಂಗಡ್ಯಾಗ ಈ ಗಡಿಗಿ ಏನ್ ಮಾಡಾಕತ್ತಾವ?"

"ಸುಮ್ನ ಕುಂತಾವ್ರೀ ಸಾವ್ಕಾರ್ರ. ಅವೇನ್ ನಿಮ್ಮಂಗ ಒದರ್ತಾವೇನು?" ಎಂದಳು ಕುಂಬಾರ ಅಕ್ಕ.

ಕಾಕಾ ಕೈ ಒರೆಸಿಕೊಳ್ಳುತ್ತ ಬಂದರು. "ನಾನ ಕುಂದ್ರಿಸೀನಿ."

"ಕೀಲಿ ಕೊಟ್ಟಿದ್ದು ನಿಗಾ ಮಾಡಾಕ, ಕಾಕಾ. ಸಂತಿ ಹಚ್ಚಾಕಲ್ಲ."

"ಕೀಲಿ ಕೊಡೋ ಮುಂದ ನೀ ಏನಂದಿದ್ದಿ?"

"ಏನಂದಿದ್ದೆ?"

"ಅಂಗಡಿ ದೊಡ್ಡದು ಮಾಡೀನಿ ಅಂದಿದ್ದಿ. ಇದ ಹೊಸ್ತಿಲ ಮ್ಯಾಲ ನಿಂತು ಅಂದಿದ್ದಿ. ನಾ ಅದನ್ನ ನಿಗಾ ಮಾಡಾಕತ್ತೀನಿ. ನೋಡು, ಎಷ್ಟು ದೊಡ್ಡದಾಗೇತಿ. ಮೊದಲ ಬರೇ ಅರಿವಿ ಇದ್ವು. ಈಗ ಗಡಿಗಿ ಬಂದಾವ, ಮಗ್ಗಲಕ್ಕ ಹಗ್ಗ ಬಂದಾವ, ಕಂಬಳಿ ಬಂದಾವ."

"ಏ, ಹಂಗಂದ್ರ ಅರ್ಥ ಬ್ಯಾರೆ ಐತಿ. ನಿನಗ ಗೊತ್ತಿಲ್ಲೇನು?"

"ನನಗ ಗೊತ್ತಿಲ್ಲ. ನಾ ಎಣ್ಣಿ ಮಾರಾಂವ. ಏನರ್ಥ, ನೀನ ಬಾಯಿ ಬಿಟ್ಟು ಹೇಳು."

ಬಜಾರವೆಲ್ಲ ಸಾವ್ಕಾರರ ಬಾಯಿ ನೋಡುತ್ತ ನಿಂತಿತು. ನಮ್ಮವರು ಮಷಿನ್ ನಿಲ್ಲಿಸಿದ್ದು ನನಗೆ ಒಳಗಿನಿಂದ ಕೇಳಿತು. ಒಂದೇ ಮಾತು ಆಡಬೇಕಿತ್ತು ಅವರು: ಮುಚ್ಚೀನಿ. ಆದರೆ ದೀಪ ಹಚ್ಚುವ ಹೊತ್ತಿನಲ್ಲಿ, ಅಪ್ಪ ಅಜ್ಜ ಕೂತ ಹೊಸ್ತಿಲ ಮೇಲೆ, ವ್ಯಾಪಾರದ ಮನುಷ್ಯ ತನ್ನ ಬಾಯಿಂದ ಆ ಮಾತು ಹೇಗೆ ತೆಗೆದಾನು? ಕಾಕಾ ಅವಸರ ಮಾಡಲಿಲ್ಲ. ಕೈಯಲ್ಲಿದ್ದ ಪಣತಿಯನ್ನು ಸಾವ್ಕಾರರ ಕಾಲ ಹತ್ತಿರ ಹೊಸ್ತಿಲಿಗಿಟ್ಟು ಬತ್ತಿ ಸರಿಮಾಡಿದರು.

"ಭಾಳ ಶಾಣ್ಯಾ ಅದೀ ಕಾಕಾ ನೀ," ಎಂದು ಸಾವ್ಕಾರರು ಸ್ಕೂಟರ್ ಕಡೆ ತಿರುಗಿದರು. ಸೋತವರಂತೆ ಹೋಗಬಾರದೆಂದೋ ಏನೋ, ಕುಂಬಾರ ಅಕ್ಕನಿಗೆ ಬೆರಳು ತೋರಿಸಿ, "ನಾಳಿಗೆ ಗಡಿಗಿ ಒಡದ್ರ ನನ್ನ ಕೇಳಬ್ಯಾಡ್ರಿ ಮತ್ತ" ಎಂದರು.

"ಒಡದ್ರ ಅನಬಾರ್ದ್ರೀ ಸಾವ್ಕಾರ್ರ, ದೊಡ್ಡದಾದ್ರ ಅನ್ರಿ," ಎಂದಳು ಅವಳು.

ಸಾವ್ಕಾರರಿಗೂ ನಗು ತಡೆಯಲಾಗಲಿಲ್ಲ. ಆ ನಗು ಮುಗಿಯುವ ಮೊದಲೇ ನಮ್ಮವರು ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದರು. ನಮ್ಮ ದೇವರ ಮುಂದಿನ ಪಣತಿ ಅವರ ಕೈಯಲ್ಲಿತ್ತು.

"ಕಾಕಾ, ನಮ್ಮದಕ್ಕೂ ಒಂಚೂರು ಎಣ್ಣಿ ಹಾಕ್ರಿ."

ಕಾಕಾ ಅವರ ಮುಖ ನೋಡಿದರು. ಎಲ್ಲ ಗೊತ್ತಿತ್ತು ಅವರಿಗೆ. "ಸ್ಟ್ಯಾಂಡಿನ್ಯಾಗ ಕರೆಂಟ್ ಐತಂತಲ್ಲೋ, ಅಲ್ಲಿ ಪಣತಿ ಯಾಕ ಬೇಕು?" ಎಂದರು.

"ಇಲ್ಲಿಗೇ ರೀ," ಎಂದರು ನಮ್ಮವರು. ಅಷ್ಟೇ. ಆ ಖೋಲಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಎಲ್ಲವನ್ನೂ ಗೆದ್ದೆವು ಎಂದು ಹೇಳಲಾರೆ. ಕಾಯಿಪಲ್ಯದ ಸಂತೆ ಸ್ಟ್ಯಾಂಡಿಗೇ ಹೋಯಿತು. ಕಿರಾಣಿಯವರು ಸಿಂಧನೂರಿನಿಂದ ತಿರುಗಿ ಬರಲಿಲ್ಲ. ಆದರೆ ಗಡಿಗೆ, ಹಗ್ಗ, ಕಂಬಳಿ, ಬುಟ್ಟಿಗೆ ಹಳೇ ಬಜಾರಕ್ಕೇ ಬರಬೇಕು ಎಂದಾಯಿತು. ಗಣಿಯ ಜನ ಸ್ಟ್ಯಾಂಡಿನಲ್ಲಿ ಇಳಿದು ನಡೆದುಕೊಂಡು ಬಂದರು. ಮದುವೆಯ ಹೊಲಿಗೆ ನಮ್ಮವರಿಗೇ ಬಂತು. ಸತ್ತಿತು ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದ ಬೀದಿಯಲ್ಲಿ ನಾನು ಮೂರು ಮಕ್ಕಳನ್ನು ಬೆಳೆಸಿದೆ.

ತೊಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ಕಾಕಾ ಗಾದಿಯ ಮೇಲೆ ಒರಗಿದವರು ಏಳಲಿಲ್ಲ. ಬಜಾರದಲ್ಲಿ ಸಾವಾದರೆ ವ್ಯಾಪಾರ ನಿಲ್ಲಿಸುವುದು ಪದ್ಧತಿ. ನಮ್ಮವರು ಕಣ್ಣೊರೆಸಿಕೊಳ್ಳುತ್ತ ಹಲಗೆ ಜೋಡಿಸತೊಡಗಿದ್ದರು, ಎದುರಿನವರೂ ಜೋಡಿಸುತ್ತಿದ್ದರು. ಹೆಣದ ಪಕ್ಕದಲ್ಲಿ ಕೂತಿದ್ದ ಕಾಕಿ ಆ ಸಪ್ಪಳ ಕೇಳಿ ತಲೆ ಎತ್ತಿದರು.

"ಏನ್ರೋ, ಎಲ್ಲಾರೂ ಸೇರಿ ಅಂಗಡಿ ಮುಚ್ಚಾಕತ್ತೀರೇನು?"

ಬೇಕೆಂದೇ ಆ ಮಾತನ್ನು ಆಡಿದರು. ನಮ್ಮವರು ಇಟ್ಟ ಹಲಗೆಯನ್ನು ತೆಗೆದರು. ಸಂಜೆ ಕಾಕಾನನ್ನು ಒಯ್ಯುವಾಗ ಬಜಾರದ ಎರಡೂ ಬದಿಯ ಅಂಗಡಿಗಳು ತೆರೆದಿದ್ದವು, ಎಲ್ಲ ಹೊಸ್ತಿಲಲ್ಲೂ ಪಣತಿ ಇತ್ತು. ಕುಂಬಾರ ಅಕ್ಕ ಗಡಿಗೆಗಳ ನಡುವೆ ಎದ್ದು ನಿಂತು ಕೈ ಮುಗಿದದ್ದು ನೆನಪಿದೆ. ಆಮೇಲಿನದು ಅಷ್ಟು ನೆನಪಿಲ್ಲ…

ಈಗ ಹಲಗೆಗಳು ಹೋಗಿ ಕಬ್ಬಿಣದ ಶಟರುಗಳು ಬಂದಿವೆ. ಎಣ್ಣೆ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಹೊಸ್ತಿಲ ಕಲ್ಲು ಮಾತ್ರ ಅದೇ, ಎಷ್ಟು ಮಳೆ ಬಂದರೂ ಕಪ್ಪು ಹೋಗಿಲ್ಲ. ವಾಸನೆ ಹೋಗಿದೆ. ಬಗ್ಗಿ ಮೂಸಿ ನೋಡಿದ್ದೇನೆ, ಇಲ್ಲ.

ಅವತ್ತು ದೀಪ ದೊಡ್ಡದು ಮಾಡಿದ ಮೇಲೆ ಮಗ ನನ್ನ ಪಕ್ಕದಲ್ಲೇ ಕೂತ. ಅವನು ಗಣಿಯಲ್ಲಿ ಕೆಲಸಕ್ಕಿದ್ದಾನೆ, ನನ್ನನ್ನು ಅಲ್ಲಿಯ ಕ್ವಾರ್ಟರ್ಸಿಗೆ ಕರೆದೊಯ್ಯುವ ಆಸೆ ಅವನಿಗೆ. ಆಗಷ್ಟೇ ನಾನು ನೆನಪಿಸಿದ ಮಾತನ್ನು ಜೋಪಾನವಾಗಿ ಆಡಿದ:

"ಯವ್ವಾ, ಅಪ್ಪನ ಅಂಗಡಿ… ದೊಡ್ಡದು ಮಾಡೋಣೇನು?"

"ಹೂಂ. ದೊಡ್ಡದು ಮಾಡೋಣು," ಎಂದೆ.

ಅವನು ಸಮಾಧಾನವಾಗಿ ಉಸಿರುಬಿಟ್ಟ. ನಾನು ಎದ್ದು ಹೋಗಿ ಶಟರ್ ಎತ್ತಿದೆ. ಅವನು ಹಿಂದೆಯೇ ಬಂದು ನಿಂತದ್ದು ಗೊತ್ತಾಯಿತು, ತಿರುಗಿ ನೋಡಲಿಲ್ಲ. ಮಷಿನ್ನಿನ ಮೇಲೆ ಧೂಳು ಕೂತಿತ್ತು. ಸೂಜಿಯ ಕೆಳಗೆ ಒಂದು ಕುಬುಸದ ತೋಳು, ಅವರು ಅರ್ಧಕ್ಕೆ ಬಿಟ್ಟದ್ದು. ಸ್ಟೂಲಿನ ಮೇಲೆ ಕೂತೆ. ಅದು ಅವರ ಎತ್ತರದ್ದು, ನನಗೆ ಪೆಡಲ್ ಸರಿಯಾಗಿ ನಿಲುಕುವುದಿಲ್ಲ. ಅವರು ಬಿಟ್ಟಲ್ಲಿಂದ ಹೊಲಿಯತೊಡಗಿದೆ. ಹೊಲಿಗೆ ಸ್ವಲ್ಪ ಸೊಟ್ಟ ಹೋಯಿತು. ಬಿಚ್ಚಲಿಲ್ಲ.