ನಾನೇ ಕೊಟ್ಟ ಇಂಟರ್‌ವಲ್

ಕೈಯಿಂದ ಚಿತ್ರ ಬರೆದು ಮಾಡಿದ ಹಳೆಯ ಕಾರ್ಟೂನ್ ಸಿನಿಮಾಗಳ ಬಗ್ಗೆ ಮನೆಯಲ್ಲಿ ನಾನು ಬಿಗಿದಷ್ಟು ಭಾಷಣವನ್ನು ಚುನಾವಣೆಗೆ ನಿಂತವರೂ ಬಿಗಿದಿರಲಾರರು. ಕೇಳಿ ಕೇಳಿ ಬೇಸತ್ತ ಹದಿನಾಲ್ಕರ ಮಗಳು ಒಂದು ದಿನ ಫೋನಿನಿಂದ ತಲೆಯೆತ್ತಿದಳು. "ಒಂದೇ ಒಂದು ನೋಡ್ತೀನಿ. ಸೇರಲಿಲ್ಲ ಅಂದ್ರೆ ಮತ್ತೆ ಕರೀಬ್ಯಾಡ ನೋಡಪ್ಪ."

ಅವಳು ಈಚೆಗೆ ನನ್ನೊಡನೆ ಹತ್ತು ನಿಮಿಷ ಕೂತರೆ ಹೆಚ್ಚು. ಈ ಒಂದು ಸಿನಿಮಾ ಗೆದ್ದರೆ ಭಾನುವಾರದ ಸಂಜೆಗಳಾದರೂ ನನಗೆ ದಕ್ಕುತ್ತವೆ ಎಂದುಕೊಂಡೆ. ವಾರವಿಡೀ ತಡಕಾಡಿ, ತಾಯಿಯನ್ನು ಹುಡುಕುತ್ತ ಬೆಟ್ಟ ಹತ್ತುವ ಕತ್ತೆಮರಿಯ ಕಥೆಯೊಂದನ್ನು ಆರಿಸಿದೆ. ಚಿಕ್ಕವನಿದ್ದಾಗ ಅದನ್ನು ಶಾಲೆಯ ಅಂಗಳದಲ್ಲಿ, ಕಟ್ಟಿದ ಬಿಳಿ ಪಂಚೆಯ ಮೇಲೆ ನೋಡಿ ಅತ್ತಿದ್ದೆ.

ಭಾನುವಾರ ಹರಿಹರದಿಂದ ನನ್ನ ಅಕ್ಕ ಬಂದಿಳಿದಳು. ಅಲ್ಲಿಗೆ ನನ್ನ ಚಿಂತೆ ಶುರು. ಮಾತಿಲ್ಲದ ಕತ್ತೆಮರಿಯನ್ನು ಅಕ್ಕ ಸಹಿಸುತ್ತಾಳೆಯೇ? ಅವಳು ಆಕಳಿಸಿದರೆ ಮಗಳಿಗೂ ಅಂಟದೇ? ಅದೂ ಅಲ್ಲದೆ ಈ ಸಿನಿಮಾಕ್ಕೆ ಇಂಟರ್‌ವಲ್ಲೇ ಇಲ್ಲ. ದಾವಣಗೆರೆಯಲ್ಲಿ ಸಂಜೆ ಹೊತ್ತು ಮಂಡಕ್ಕಿ ಮಿರ್ಚಿ ಕೊಡದೆ ನಾಲ್ಕು ಜನರನ್ನು ಒಂದು ಕಡೆ ಕೂರಿಸಿದವರುಂಟೇ? ನಮ್ಮ ಕೆ.ಬಿ. ಬಡಾವಣೆಯ ಮೂಲೆಯ ಮಿರ್ಚಿ ಗಾಡಿಯವರಿಗೆ ಆರೂವರೆಗೆ ಸರಿಯಾಗಿ ಕರಿಯಲು ಹೇಳಿಬಂದೆ.

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ನಾನು ಸಿನಿಮಾ ನೋಡಲೇ ಇಲ್ಲ, ಇವರಿಬ್ಬರ ಮುಖ ನೋಡಿದೆ. ಅರ್ಧ ಗಂಟೆಯಲ್ಲಿ ಮಗಳು ಫೋನನ್ನು ಮಗುಚಿಟ್ಟಳು. ಕತ್ತೆಮರಿ ಬೆಟ್ಟದ ತುದಿ ಮುಟ್ಟಿತು. ಅಲ್ಲಿ ತಾಯಿಯ ಕೊರಳಗಂಟೆಯೊಂದೇ ಬಿದ್ದಿತ್ತು. ಮರಿ ಅದನ್ನು ಮೂಸಿ ಸುಮ್ಮನೆ ನಿಂತಿತು. ಸಂಗೀತವಿಲ್ಲ, ಗಾಳಿಯೂ ಇಲ್ಲ. ಅಳಿರಿ ಎಂದು ಒತ್ತಾಯಿಸದೆ ಕಾಯುವುದರಿಂದಲೇ ಈ ಸಿನಿಮಾ ಇಷ್ಟು ವರ್ಷ ಬಾಳಿದೆ ಎಂಬುದು ನನ್ನ ಭಾಷಣಗಳ ಮುಖ್ಯ ಭಾಗ.

ಆಗಲೇ ಗಾಡಿಯವರ ಫೋನು. "ಸರ, ಮಿರ್ಚಿ ತೆಗ್ದೀನಿ, ಲಗೂ ಬರ್ರಿ. ಆರಿದ್ಮ್ಯಾಗ ನನ್ನ ಬೈಬ್ಯಾಡ್ರಿ." ಅಕ್ಕನ ಕಡೆ ನೋಡಿದೆ. ಕದಲದೆ ಕೂತಿದ್ದಳು. ನಿದ್ದೆ ಹತ್ತಿತೆಂದು ಗಾಬರಿಯಾಗಿ ಸಿನಿಮಾ ನಿಲ್ಲಿಸಿಬಿಟ್ಟೆ.

"ಅಪ್ಪಾ! ಅಲ್ಲೇ ಯಾಕ ನಿಲ್ಸಿದಿ?" ಮಗಳ ಕಣ್ಣು ಒದ್ದೆಯಾಗಿತ್ತು.

"ಮಿರ್ಚಿ ಆರ್ತಾವಮ್ಮ" ಎಂದು ಓಡಿದೆ.

ತಂದ ಪೊಟ್ಟಣವನ್ನು ಇಬ್ಬರೂ ಮುಟ್ಟಲಿಲ್ಲ. ಅಕ್ಕ ಮೆಲ್ಲಗೆ ಕೇಳಿದಳು. "ಅದರವ್ವ ಸತ್ತೈತೇನೋ?"

"ಅಲ್ಲೇ ಐತೆ ನೋಡಕ್ಕ ಮಜಾ. ಇಲ್ಲಿ ಡೈರೆಕ್ಟರು ಬೇಕಂತಲೇ ಸಂಗೀತ ಹಾಕಿಲ್ಲ, ಯಾಕಂದ್ರೆ..."

"ಆ ಡೈರೆಕ್ಟರೇ ಸುಮ್ಮನಿದ್ದಾರಲ್ಲ, ನೀನ್ಯಾಕ ಸುಮ್ನಿರಂಗಿಲ್ಲ?" ಎಂದ ಮಗಳು ವೈರು ಕಿತ್ತು, ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆ ಸೇರಿ ಚಿಲಕ ಹಾಕಿದಳು.

"ನಂದೂ ಅರ್ಧಕ್ಕೆ ಕೆಡಿಸಿದ್ಯಲ್ಲೋ, ಹಾಳಾದೋನೆ" ಎನ್ನುತ್ತ ಅಕ್ಕ ಹೋಗಿ ಬಾಗಿಲು ತಟ್ಟಿದಳು. ಬಾಗಿಲು ಅವಳಷ್ಟೇ ತೂರುವಷ್ಟು ತೆರೆದು ಮುಚ್ಚಿಕೊಂಡಿತು. ಮೂವರ ಮಂಡಕ್ಕಿಯ ಮುಂದೆ ನಾನೊಬ್ಬನೇ ಕೂತೆ. ಒಳಗಿನಿಂದ ಮೂಗು ಸೀಟುವ ಸದ್ದು ಬಂತು, ಆಮೇಲೆ ನಗು. ಯಾವ ದೃಶ್ಯಕ್ಕೆ ನಕ್ಕರೋ ನನಗೆ ಗೊತ್ತು, ಹೇಳಲು ಯಾರೂ ಇರಲಿಲ್ಲ.

ಮುಗಿದ ಮೇಲೆ ಮಗಳು ಹೊರಬಂದಳು. "ಇಂಥದ್ದು ಇನ್ನೊಂದು ಐತೇನಪ್ಪಾ?"

ಜೀವ ಬಂದಂತಾಯಿತು. "ಐತಮ್ಮ! ಮುಂದಿನ ಭಾನುವಾರ ಎಲ್ಲರೂ ಕೂಡಿ..."

"ಹೆಸರು ಬರ್ಕೊಡು, ಸಾಕು. ಅತ್ತೆ ಬರ್ತಾಳಂತೆ. ನಾವಿಬ್ರೂ ನೋಡ್ತೀವಿ."