ಕಾಣದ ಬೆಳಕಿನ ಬೆನ್ನು ಹತ್ತಿದವರು

ನಮ್ಮ ಭಾಗದಲ್ಲಿ ಭೌತಶಾಸ್ತ್ರವನ್ನು ಕಲಿಸಿದವರು ಹಲವರಿದ್ದಾರೆ. ಕಾಲೇಜಿನ ಹಿಂದಿನ ಕೋಣೆಯಲ್ಲಿ ಕುಲುಮೆ ಹೂಡಿ ಅದನ್ನೇ ಬದುಕಿದವರು, ನಾನು ಬಲ್ಲಂತೆ, ರೋಣದ ಪ್ರಾಧ್ಯಾಪಕ ಅಬ್ದುಲಮಜೀದರೊಬ್ಬರೇ. ಈ ವರ್ಷ, 2009ರ ಮೇ ತಿಂಗಳಲ್ಲಿ, ಅವರು ನಿವೃತ್ತರಾದರು. ಮೊದಲು ಶಿಷ್ಯೆಯಾಗಿ, ಆಮೇಲೆ ಸಹೋದ್ಯೋಗಿಯಾಗಿ ಅವರ ನೆರಳಿನಲ್ಲಿದ್ದ ನನಗೆ ಈ ಅಭಿನಂದನ ಗ್ರಂಥದ ಲೇಖನವನ್ನು ಸಂತೋಷದಿಂದ ಬರೆಯಲು ಆಗುತ್ತಿಲ್ಲ. ಸಂಪಾದಕರು ಕ್ಷಮಿಸಬೇಕು.

ನೀಲಿ ಎಲ್‌ಇಡಿಯ ಮೇಲೆ ಲೇಪಿಸಿದರೆ, ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಬೆಳಕನ್ನು ವಿಶಾಲವಾಗಿ ಹೊಮ್ಮಿಸುವ ಪುಡಿಯೊಂದನ್ನು ಮಾಡಬೇಕೆಂಬುದು 2002ರಿಂದ ಗುರುಗಳ ಹಂಬಲ. ಅಂಥ ಬೆಳಕು ಕಾಳಿನ ಒಳಹೊಕ್ಕು ತೇವದ ಸುದ್ದಿ ತರುತ್ತದೆ. ನಮ್ಮ ಪೇಟೆಯಲ್ಲಿ ಕಡಲೆಯನ್ನು ಹಲ್ಲಿನಿಂದ ಕಡಿದು ‘ಹಸಿ ಐತಿ’ ಎಂದು ದರ ಇಳಿಸುವ ರೂಢಿಗೆ ಅಂಗೈಯಗಲದ ದೀಪ ಉತ್ತರ ಕೊಡಬೇಕೆಂದು ಅವರ ಆಸೆ.

ನಮ್ಮೂರು ನರಗುಂದದ ಬಸ್ಸು ತಪ್ಪಿದ ದಿನ ಅವರ ಮನೆಯಲ್ಲಿ ನನಗೊಂದು ತಾಟು ಇರುತ್ತಿತ್ತು. ನನ್ನ ತಾಯಿ ವೆಂಕೂಬಾಯಿಯವರ ಮಡಿಗೆ ಅಂಜಿ, ಗುರುಪತ್ನಿ ಸುಗರಾ ಅವರು ನನ್ನ ಅಡುಗೆಗೆಂದೇ ಹೊಸ ಪಾತ್ರೆ ಕೊಂಡಿದ್ದರು.

ಪುಡಿ ಮಾತ್ರ ಬೆಳಗಲಿಲ್ಲ. ಬೆರೆಸುವ ಕ್ರೋಮಿಯಂ ಹೆಚ್ಚು ಕಡಿಮೆ ಮಾಡಿದರು, ಕುಲುಮೆಯ ಕಾವು ಬದಲಿಸಿದರು. ಅಳತೆಯ ಯಂತ್ರದ ಮುಳ್ಳು ಮಿಸುಕಲಿಲ್ಲ. ‘ಸಾಹೇಬ್ರ ದೀಪ ಹತ್ತೇತ್ರಿ, ನಮಗ ಕಾಣವಲ್ದು’ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಗುರುಗಳೂ ನಗುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು.

ಬದಲಿಸದೆ ಉಳಿದದ್ದು ಅರೆಯುವ ಕಲ್ವ ಒಂದೇ. ಬೆಳವಣಕಿಯಲ್ಲಿ ಹಕೀಮರಾಗಿದ್ದ ತಂದೆ ಬಿಟ್ಟುಹೋದ ಕರಿಕಲ್ಲಿನ ಕಲ್ವವದು. ಅದರಲ್ಲಿ ಅರೆದರೇ ಅವರಿಗೆ ಸಮಾಧಾನ.

ಕಳೆದ ರಮಜಾನ್ ಹಬ್ಬಕ್ಕೆ ನನ್ನನ್ನೂ ಬೆಳವಣಕಿಗೆ ಕರೆದೊಯ್ದಿದ್ದರು. ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಬಡಿಸುತ್ತ ಅವರ ತಾಯಿ ಮದರಬಿಯವರು ತಮ್ಮ ಯಜಮಾನರ ಕೈಗುಣವನ್ನು ನನಗೆ ಹೊಗಳಿದರು:

“ಬಾಣಂತ್ಯಾರಿಗೆ ಲೋಹದ ಭಸ್ಮ ಇವರಪ್ಪನ ಕಡೆನ ಒಯ್ತಿದ್ರವಾ. ಆ ಕಲ್ವದಾಗ ಕಬ್ಬಿಣ ಅರದೂ ಅರದೂ ಅವರ ಉಗುರು ಕರ್ರಗಾಗಿದ್ವು.”

ಗುರುಗಳು ಬಟ್ಟಲು ಕೆಳಗಿಟ್ಟರು. ಕಬ್ಬಿಣದ ಸೋಂಕು ತುಸುವೇ ತಗುಲಿದರೂ ಅಂಥ ಪುಡಿಯ ಬೆಳಕು ಸತ್ತುಹೋಗುತ್ತದೆ.

“ಅಮ್ಮಿ, ಇದನ್ನ ಮೊದಲ ಯಾಕ ಹೇಳಲಿಲ್ಲ?”

“ನೀ ಎಂದಾರ ಕೇಳೀಯೇನಪಾ?”

ಎಲ್ಲವನ್ನೂ ಅನುಮಾನಿಸಿದವರು ತಂದೆಯ ಕಲ್ವವನ್ನು ಅನುಮಾನಿಸಿರಲಿಲ್ಲ. ಅಂದು ಅವರು ಅತ್ತರು. ನಾನು ನೋಡಿದ್ದೇನೆ.

ಹೊಸ ಕಲ್ವದಲ್ಲಿ ಅರೆದ ಪುಡಿ ಈ ಫೆಬ್ರವರಿಯಲ್ಲಿ ಬೆಳಗಿತು. ಮುಳ್ಳು ಎದ್ದು ನಿಂತಿತು. ಮತ್ತೊಮ್ಮೆ ಮಾಡಿ ಖಚಿತಪಡಿಸಿಕೊಳ್ಳುವ ಮುನ್ನವೇ ಕುಲುಮೆಯ ತಂತಿ ಸುಟ್ಟುಹೋಯಿತು. ನಿವೃತ್ತರಾಗುವವರಿಗೆ ಹೊಸ ತಂತಿ ಏಕೆಂದು ಆಡಳಿತದವರು ಕೈತೊಳೆದುಕೊಂಡರು. ಈಗ ಆ ಕೋಣೆಯಲ್ಲಿ ಮುರಿದ ಬೆಂಚುಗಳಿವೆ.

ಈ ಗ್ರಂಥದ ಸಾಧನೆಗಳ ಭಾಗದಲ್ಲಿ ಆ ಬೆಳಕನ್ನು ಸೇರಿಸಲೇ ಎಂದು ಗುರುಗಳನ್ನು ಕೇಳಿದೆ.

“ಬ್ಯಾಡವಾ ನಮ್ರತಾ. ಒಂದ ಸಲ ಬೆಳಗಿದ್ದನ್ನ ಖರೇ ಅಂತ ಹ್ಯಾಂಗ ಹೇಳೂದು? ಇನ್ನೊಮ್ಮೆ ಬೆಳಗಲಿ, ಆಮ್ಯಾಲೆ ಬರಿ.”

ಗುರುಗಳು ಗಟ್ಟಿಮುಟ್ಟಾಗಿ ಬಹುಕಾಲ ಬಾಳಲಿ, ಅವರ ಕೆಲಸ ಮುಂದುವರಿಯಲಿ ಎಂದು ಎಲ್ಲರೊಂದಿಗೆ ನಾನೂ ಹಾರೈಸುತ್ತೇನೆ. ಹಾರೈಕೆಯಿಂದ ಕುಲುಮೆ ಕಾಯುವುದಿಲ್ಲವೆಂದು ನನಗೆ ಗೊತ್ತು. ಅವರ ಮಾತಿನಂತೆ ಸಾಧನೆಯ ಪುಟವನ್ನು ಖಾಲಿ ಬಿಟ್ಟಿದ್ದೇವೆ.