ಕಾಶವ್ವ ಆಯಿ ಹೇಳದ ಹೆಸರು

ಗೆಳೆಯರೇ, ಇವತ್ತು ಮೈಕ್ ಹಿಡಿದುಕೊಂಡೇ ಸೋತೆ. ಯುದ್ಧಕ್ಕೆ ಹೋದ ಹಳೆಯ ವಿದ್ಯಾರ್ಥಿಗಳ ಹೆಸರು ಕೆತ್ತಿದ ಕಲ್ಲನ್ನು ನಮ್ಮೂರ ಶಾಲೆಯ ಅಂಗಳದಲ್ಲಿ ನಿಲ್ಲಿಸಿದೆವು. ಒಂದೊಂದು ಹೆಸರನ್ನೂ ಆ ಮನೆಯವರೇ ಓದಬೇಕು, ಭಾಷಣಕ್ಕೆ ಬಂದ ದೊಡ್ಡವರಲ್ಲ ಎಂದು ಜಗಳವಾಡಿ ಗೆದ್ದವನು ನಾನೇ.

ನಮ್ಮೂರ ಹಿರಿಯಜ್ಜಿ ಕಾಶವ್ವ ಆಯಿಯ ಸರದಿ ಬಂತು. ಮದುವೆಯಾದ ವರ್ಷವೇ ಅವರ ಗಂಡ ಗಡಿಗೆ ಹೋದರು. ಆಮೇಲೆ ಬಂದದ್ದು, ಕಾಣೆಯಾಗಿದ್ದಾರೆ ಎಂಬ ಒಂದು ಪತ್ರ ಮಾತ್ರ. ಆಯಿ ರಬಕವಿಯ ಹೊಸ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದಿದ್ದರು. ಮೈಕ್ ಕೊಟ್ಟರೆ ಸೆರಗನ್ನು ಬಾಯಿಗೆ ಹಿಡಿದರು.

“ಹೇಳ್ರಿ ಆಯಿ. ಗಂಡನ ಹೆಸರು ಹೇಳಬಾರದು ಅನ್ನೂದೆಲ್ಲ ಹಳೇ ಗುಲಾಮಗಿರಿ ಐತಿ,” ಎಂದೆ.

“ಹೌದೇನೋ ಶಾಣ್ಯಾ! ಹೆಸರು ಹೇಳಿದ್ರ ಗಂಡನ ಆಯುಷ್ಯ ಕಡಿಮಿ ಆಕೈತಿ ಅಂತ ನಮ್ಮತ್ತಿ ಹೇಳಿದ್ಲು. ಇಷ್ಟು ವರ್ಷ ಬಾಯಿ ಬಿಗಿ ಹಿಡಕೊಂಡೇನಿ. ಇವತ್ತ ನಿನ್ನ ಮೈಕಿನ್ಯಾಗ ಹೇಳಿ ಕೊಲ್ಲಲೇನು?”

ಯಾರೋ ನಕ್ಕರು. ಆಯಿ ನಗಲಿಲ್ಲ. ಶಾಲೆಯ ಗೇಟಿನ ಕಡೆ ನೋಡುತ್ತ ನಿಂತರು.

“ನೀನಾರ ಓದಿ ಮುಗಸಲೇ, ಹೊತ್ತಾತು,” ಎಂದು ಹೆಡ್‌ಮಾಸ್ತರರು ಗದರಿದರು. ಕಲ್ಲಿನ ಮೇಲಿದ್ದ ಆ ಹೆಸರಿನ ಹತ್ತಿರ ಬಂದೆ, ಬಾಯಿ ತೆರೆದೆ, ಅದನ್ನು ಓದದೆ ಮುಂದಿನ ಹೆಸರಿನ ಮನೆಯವರನ್ನು ಕರೆದೆ.

ಮೂಢನಂಬಿಕೆಯ ವಿರುದ್ಧ ಮನೆಮನೆಗೆ ಕರಪತ್ರ ಹಂಚುವವನು ಹೀಗೇಕೆ ಮಾಡಿದೆ ಎಂದು ಸಂಜೆಯಿಂದ ಎಲ್ಲರೂ ಕೇಳುತ್ತಿದ್ದಾರೆ. ಏನು ಹೇಳಲಿ? ಆ ಮನುಷ್ಯ ಬರಲಿ ಎಂದು ನನಗೂ ಅನಿಸಿಬಿಟ್ಟಿತು.